ಅಮ್ಮನ ಶುಗರ್ ಸರಿಯಿದೆ, ಆದರೆ ಕುರ್ಚಿಯಿಂದ ಏಳಲು ಆಗುತ್ತಿಲ್ಲ

ಕಟಪಾಡಿಯವಳು · ಜುಲೈ 14, ರಾತ್ರಿ 10.20

ಮಸ್ಕತ್‌ನಿಂದ ರಜೆಗೆ ಊರಿಗೆ ಬಂದು ನಾಲ್ಕು ದಿನವಾಯಿತು. ಇಲ್ಲಿ ಅಮ್ಮ ಒಬ್ಬರೇ ಇರುವುದು, ವಯಸ್ಸು 74. ಅಪ್ಪ ತೀರಿಕೊಂಡು ಮೂರು ವರ್ಷ. ದಿನವೂ ವಿಡಿಯೊ ಕರೆ ಮಾಡುತ್ತೇನೆ. ಮುಖ ಎಂದಿನಂತೆಯೇ ಇತ್ತು. ಕೇಳಿದಾಗಲೆಲ್ಲ "ನನ್ನದು ಊಟ ಆಯಿತು, ನಿನ್ನದಾಯಿತಾ?" ಎನ್ನುತ್ತಿದ್ದರು. ಮೊಬೈಲಿನಲ್ಲಿ ಮುಖ ಮಾತ್ರ ಕಾಣುತ್ತದೆ, ಕಾಲು ಕಾಣುವುದಿಲ್ಲ ಎಂಬುದು ನನಗೆ ಹೊಳೆದದ್ದು ಇಲ್ಲಿಗೆ ಬಂದ ಮೇಲೆ.

ಬಂದ ದಿನ ಸಂಜೆ ಜಗಲಿಯಲ್ಲಿ ಕುಳಿತಿದ್ದೆವು. ಚಹಾ ಮಾಡಲು ಎಂದು ಅಮ್ಮ ಎದ್ದರು. ಎದ್ದರು ಎಂದರೆ, ಕುರ್ಚಿಯ ಎರಡೂ ಕೈಗಳನ್ನು ಹಿಡಿದು ಮುಂದಕ್ಕೆ ತೂಗಿದರು, ಆಗಲಿಲ್ಲ, ಹಿಂದಕ್ಕೆ ಕುಳಿತರು. ಮತ್ತೆ ತೂಗಿದರು. ಮೂರನೆಯ ಸಲಕ್ಕೆ ಎದ್ದು ನಿಂತು ಕಂಬ ಹಿಡಿದರು. ಮಂಡಿ ನೋವೇ ಎಂದು ಕೇಳಿದೆ. "ನೋವೆಂಥದ್ದೂ ಇಲ್ಲ, ಬಲ ಇಲ್ಲ ಅಷ್ಟೆ" ಎಂದರು, ಮಳೆ ಬರುವ ಹಾಗಿದೆ ಎಂದು ಹೇಳಿದಷ್ಟೇ ಸಲೀಸಾಗಿ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಬಳೆ ಮೊಣಕೈವರೆಗೆ ಜಾರುತ್ತದೆ. ಉಂಗುರಕ್ಕೆ ನೂಲು ಸುತ್ತಿಕೊಂಡಿದ್ದಾರೆ. ತುರಿಮಣೆ ಅಟ್ಟ ಸೇರಿದೆ, ಅದರ ಮೇಲೆ ಕುಳಿತರೆ ಏಳಲಾಗುವುದಿಲ್ಲ ಎಂದು ಕಾಯಿಯನ್ನು ಪಕ್ಕದ ಮನೆಯವರಿಂದ ತುರಿಸಿಕೊಳ್ಳುತ್ತಾರಂತೆ. ಫ್ರಿಜ್ ತೆರೆದರೆ ಸಣ್ಣ ಸಣ್ಣ ಬಟ್ಟಲುಗಳಲ್ಲಿ ಮೂರು ದಿನದ ಸಾರು. ಒಂದು ಪಾತ್ರೆ ಗಂಜಿ ಎರಡು ದಿನಕ್ಕೆ ಬರುತ್ತದೆ.

ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಕಳೆದ ಸಲದ ಹೆಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ, 6.4. ವರದಿ ನೋಡಿದವರೆಲ್ಲ ಭೇಷ್ ಎಂದಿದ್ದರು, ನಾನೂ ಎಂದಿದ್ದೆ. ಜನವರಿಯ ಚೀಟಿಯಲ್ಲಿ ತೂಕ 52 ಕಿಲೊ, ನಿನ್ನೆ ತೂಗಿದರೆ 48.5. ಎತ್ತರ ಐದು ಅಡಿಗೆ ಸ್ವಲ್ಪ ಕಡಿಮೆ. ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಹೇಳುವ ಬಿಎಂಐ ಲೆಕ್ಕ ಹಾಕಿದರೆ 21.5, ಅಂದರೆ "ಸರಿಯಾಗಿದೆ" ಎಂದೇ ತೋರಿಸುತ್ತದೆ. ಇದು ಬರೀ ವಯಸ್ಸೋ, ಬೇರೆ ಏನಾದರೂ ಇದೆಯೋ? ಟಾನಿಕ್ ಕೊಡಿಸಲೇ?

ಬಿಜೈ ನಿವಾಸಿ · ಜುಲೈ 14, ರಾತ್ರಿ 10.52

ಗಾಬರಿ ಪಡಬೇಡಿ. ವಯಸ್ಸಾದ ಮೇಲೆ ತೂಕ ಇಳಿಯುವುದು ಸಹಜ. ನನ್ನ ತಂದೆಗೆ 80. ಎರಡು ಹೊತ್ತು ಗಂಜಿ, ಒಂದು ತುಂಡು ಉಪ್ಪಿನಕಾಯಿ, ಅಷ್ಟೇ ಆಹಾರ. ಮಿತವಾಗಿ ತಿಂದರೆ ಆಯುಷ್ಯ ಹೆಚ್ಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಪಥ್ಯದಡುಗೆ · ಜುಲೈ 14, ರಾತ್ರಿ 11.31

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಹಾರ ತಜ್ಞೆಯಾಗಿ ಹದಿನಾರು ವರ್ಷವಾಯಿತು. ಬಿಜೈಯವರೇ, ಕೋಪಿಸಿಕೊಳ್ಳಬೇಡಿ, ನೀವು ಬರೆದ ಈ ಮಾತನ್ನೇ ನಾನು ವಾರಕ್ಕೆ ಹತ್ತು ಸಲ ಕೇಳುತ್ತೇನೆ, ಅದೂ ಬಿದ್ದು ಸೊಂಟ ಮುರಿದುಕೊಂಡವರ ಮಂಚದ ಪಕ್ಕ ನಿಂತು.

ಕಟಪಾಡಿಯವರೇ, ನಿಮ್ಮ ಅಮ್ಮ ಆರು ತಿಂಗಳಲ್ಲಿ 3.5 ಕಿಲೊ ಇಳಿದಿದ್ದಾರೆ. 52ರಲ್ಲಿ ಅದು ಶೇಕಡ 6.7. ಪ್ರಯತ್ನಪಡದೆ ಆರು ತಿಂಗಳಲ್ಲಿ ಶೇಕಡ 5ಕ್ಕಿಂತ ಹೆಚ್ಚು ಇಳಿದರೆ ನಾವು ಅದನ್ನು ಎಚ್ಚರಿಕೆಯ ಗಂಟೆ ಎಂದೇ ಹಿಡಿಯುತ್ತೇವೆ, ಬಿಎಂಐ ಎಷ್ಟೇ ಚೆನ್ನಾಗಿದ್ದರೂ. ಬಿಎಂಐಗೆ ಕೊಬ್ಬು ಯಾವುದು, ಮಾಂಸಖಂಡ ಯಾವುದು ಎಂದು ಗೊತ್ತಾಗುವುದಿಲ್ಲ. ತೊಡೆ ಕರಗಿದಷ್ಟೇ ಹೊಟ್ಟೆ ಬೆಳೆದರೂ ಅದು ಅದೇ ಸಂಖ್ಯೆ ತೋರಿಸಬಹುದು.

ಹಿರಿಯರಿಗೆಂದೇ ಆರು ಪ್ರಶ್ನೆಗಳ ಒಂದು ಸಣ್ಣ ಪರೀಕ್ಷೆ ಇದೆ, ಎಂಎನ್ಎ ಎನ್ನುತ್ತೇವೆ. ಒಟ್ಟು 14 ಅಂಕ. ಮೂರು ತಿಂಗಳಲ್ಲಿ ಊಟ ಕಡಿಮೆಯಾಗಿದೆಯೇ, ತೂಕ ಇಳಿದಿದೆಯೇ, ಮನೆಯಿಂದ ಹೊರಗೆ ಹೋಗುತ್ತಾರೆಯೇ, ದೊಡ್ಡ ಕಾಯಿಲೆ ಅಥವಾ ಮನಸ್ಸಿಗೆ ಆಘಾತ ಆಗಿದೆಯೇ, ಮರೆವು ಅಥವಾ ಖಿನ್ನತೆ ಇದೆಯೇ, ಬಿಎಂಐ ಎಷ್ಟು. 12ರಿಂದ ಮೇಲೆ ಬಂದರೆ ನಿಶ್ಚಿಂತೆ, 8ರಿಂದ 11 ಅಪಾಯದ ಅಂಚು, 7 ಮತ್ತು ಕೆಳಗೆ ಅಪೌಷ್ಟಿಕತೆ. ಅಮ್ಮ ಹೊರಗೆ ಹೋಗುತ್ತಾರೆಯೇ? ಕಳೆದ ಮೂರು ತಿಂಗಳಲ್ಲಿ ಎಷ್ಟು ತೂಕ ಇಳಿದರು?

ಇನ್ನೊಂದು ಕೆಲಸ ಮಾಡಿ. ನಾಳೆ ಬೆಳಗ್ಗಿನಿಂದ ರಾತ್ರಿಯವರೆಗೆ ಅವರು ತಿಂದದ್ದನ್ನೆಲ್ಲ ಬರೆದಿಡಿ. ಕೇಳಬೇಡಿ, ನೋಡಿ ಬರೆಯಿರಿ.

ಕಟಪಾಡಿಯವಳು · ಜುಲೈ 15, ರಾತ್ರಿ 9.05

ಬರೆದೆ. ಬೆಳಗ್ಗೆ ಎರಡು ನೀರುದೋಸೆ, ಕಾಯಿ ಚಟ್ನಿ, ಒಂದು ಲೋಟ ಚಹಾ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ ಒಂದು ಬಟ್ಟಲು, ಮಾವಿನ ಮಿಡಿ, ನೀರು ಮಜ್ಜಿಗೆ. ಸಂಜೆ ಚಹಾ, ಎರಡು ರಸ್ಕ್. ರಾತ್ರಿ ಮತ್ತೆ ಗಂಜಿ. ನಾನು ಇದ್ದೇನೆಂದು ಪಲ್ಯ ಮಾಡಿದ್ದರು, ತಮ್ಮ ತಟ್ಟೆಗೆ ಒಂದು ಚಮಚ ಹಾಕಿಕೊಂಡು ಉಳಿದದ್ದನ್ನು ನನಗೆ ಬಡಿಸಿದರು.

ಕಳೆದ ಮೂರು ತಿಂಗಳಲ್ಲಿ ಸುಮಾರು ಎರಡು ಕಿಲೊ ಇಳಿದಿರಬೇಕು. ಹೊರಗೆ ಹೋಗುವುದು ಬಿಟ್ಟಿದ್ದಾರೆ. ಬಸ್ಸಿನ ಮೊದಲ ಮೆಟ್ಟಿಲು ಹತ್ತಲಾಗುವುದಿಲ್ಲ, ಕಂಡಕ್ಟರ್ ಗಡಿಬಿಡಿ ಮಾಡುತ್ತಾನೆ ಎನ್ನುತ್ತಾರೆ. ಬೇರೆ ಕಾಯಿಲೆ ಇಲ್ಲ, ಮರೆವು ಇಲ್ಲ. ನಾನು ಕೂಡಿಸಿದರೆ 10 ಬಂತು.

ಪಥ್ಯದಡುಗೆ · ಜುಲೈ 15, ರಾತ್ರಿ 9.48

ನನಗೂ 10 ಬಂತು. ಈಗ ತಟ್ಟೆಯ ಲೆಕ್ಕ. ದೋಸೆ, ಚಟ್ನಿಯಿಂದ ನಾಲ್ಕು ಗ್ರಾಂ ಪ್ರೋಟೀನ್. ಎರಡು ಚಹಾದ ಹಾಲಿನಿಂದ ಮೂರು. ಎರಡು ಹೊತ್ತಿನ ಗಂಜಿಯಿಂದ ಒಂಬತ್ತು. ಮಜ್ಜಿಗೆ, ರಸ್ಕ್ ಸೇರಿ ಮೂರೂವರೆ. ಎಲ್ಲ ಕೂಡಿದರೆ ಹೆಚ್ಚುಕಡಿಮೆ 20 ಗ್ರಾಂ. ನಮ್ಮ ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ಪ್ರತಿ ಕಿಲೊ ತೂಕಕ್ಕೆ ದಿನಕ್ಕೆ 0.83 ಗ್ರಾಂ. ವಯಸ್ಸಾದವರ ಮಾಂಸಖಂಡ ಅದೇ ಪ್ರೋಟೀನಿಗೆ ಯೌವನದಲ್ಲಿದ್ದಷ್ಟು ಸ್ಪಂದಿಸುವುದಿಲ್ಲ. ಅದಕ್ಕಾಗಿ 2013ರಲ್ಲಿ ಹಿರಿಯರ ಪೋಷಣೆಯ ತಜ್ಞರ ಗುಂಪೊಂದು ಒಂದರಿಂದ 1.2 ಗ್ರಾಂ ಬೇಕು ಎಂದಿತು. ನಿಮ್ಮ ಅಮ್ಮನಿಗೆ ಕಡಿಮೆಯೆಂದರೂ 48 ಗ್ರಾಂ. ಅರ್ಧವೂ ಸೇರುತ್ತಿಲ್ಲ.

ಗಂಜಿ ಕೆಟ್ಟದ್ದಲ್ಲ, ನಾನೂ ಉಣ್ಣುತ್ತೇನೆ. ಆದರೆ ನಮ್ಮ ಅಜ್ಜಿಯಂದಿರ ಗಂಜಿಯ ಪಕ್ಕದಲ್ಲಿ ಸುಟ್ಟ ಒಣಮೀನೋ, ಹುರುಳಿ ಸಾರೋ, ಹೆಸರುಕಾಳಿನ ಪಲ್ಯವೋ ಇರುತ್ತಿತ್ತು. ಈಗ ಪಕ್ಕದ್ದೆಲ್ಲ ಹೋಗಿ ಗಂಜಿ ಮತ್ತು ಉಪ್ಪಿನಕಾಯಿ ಉಳಿದಿದೆ. ಅದಕ್ಕೆ ನಾವು "ಸಾತ್ವಿಕ ಊಟ" ಎಂದು ಹೆಸರಿಟ್ಟಿದ್ದೇವೆ.

ಮಣಿಪಾಲದ ಫಿಸಿಯೊ · ಜುಲೈ 15, ರಾತ್ರಿ 10.30

ಪಥ್ಯದಡುಗೆ ಮೇಡಂ ತಟ್ಟೆ ನೋಡಿದರು, ನಾನು ಕಾಲು ನೋಡುತ್ತೇನೆ. ಇದಕ್ಕೆ ಸಾರ್ಕೊಪೀನಿಯ ಎಂದು ಹೆಸರು, ಗ್ರೀಕ್‌ನಲ್ಲಿ ಮಾಂಸದ ಕೊರತೆ ಎಂದರ್ಥ. ಈ ಪದ ಹುಟ್ಟಿದ್ದೇ 1980ರ ದಶಕದ ಕೊನೆಗೆ. ಅದಕ್ಕೆ ಮೊದಲು ವೈದ್ಯರೂ "ವಯಸ್ಸಾಯಿತು" ಎಂದೇ ಹೇಳುತ್ತಿದ್ದರು.

ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆ ಹೇಳುತ್ತೇನೆ. ಮೊದಲನೆಯದು ಜಪಾನಿನವರದು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಪಾದ ನೆಲಕ್ಕೆ ಊರಿರಲಿ. ಅವರ ಎರಡೂ ಕೈಗಳ ಹೆಬ್ಬೆರಳು, ತೋರುಬೆರಳುಗಳಿಂದ ಒಂದು ಉಂಗುರ ಮಾಡಿಸಿ, ಮೀನಖಂಡದ ಅತಿ ದಪ್ಪ ಜಾಗಕ್ಕೆ ಸುತ್ತಿಸಿ. ಬೆರಳು ಕೂಡದಿದ್ದರೆ ಒಳ್ಳೆಯದು. ಬೆರಳು ಕೂಡಿಯೂ ಒಳಗೆ ಜಾಗ ಉಳಿದರೆ ಮಾಂಸಖಂಡ ಕರಗಿರುವ ಸಂಭವ ಹೆಚ್ಚು. ಅವರದೇ ಕೈ, ಅವರದೇ ಕಾಲು, ಹಾಗಾಗಿ ಟೇಪ್ ಬೇಕಿಲ್ಲ. ಕಾಲಿನಲ್ಲಿ ನೀರು ತುಂಬಿ ಊದಿಕೊಂಡಿದ್ದರೆ ಮಾತ್ರ ಈ ಪರೀಕ್ಷೆ ಮೋಸ ಮಾಡುತ್ತದೆ.

ಎರಡನೆಯದಕ್ಕೆ ಗಡಿಯಾರ ಬೇಕು. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. ಏಷ್ಯಾದವರಿಗಾಗಿ 2019ರಲ್ಲಿ ಮಾಡಿದ ಮಾನದಂಡದಲ್ಲಿ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕಡಿಮೆ ಎಂದು ಲೆಕ್ಕ. ನೀವು ಪಕ್ಕದಲ್ಲೇ ನಿಂತಿರಿ. ಕೈ ಬಿಟ್ಟು ಒಮ್ಮೆಯೂ ಏಳಲಾಗದಿದ್ದರೆ ಅದೇ ಉತ್ತರ, ಹಟ ಹಿಡಿಯಬೇಡಿ.

ಕಟಪಾಡಿಯವಳು · ಜುಲೈ 16, ಬೆಳಿಗ್ಗೆ 8.15

ಉಂಗುರದೊಳಗೆ ನನ್ನ ಕಿರುಬೆರಳು ಆರಾಮವಾಗಿ ಹೋಯಿತು. ಅಮ್ಮ ನಗುತ್ತಿದ್ದರು, ನನಗೆ ನಗು ಬರಲಿಲ್ಲ. ಕುರ್ಚಿಯದ್ದು, ಮೊದಲ ಸಲ ಕೈ ಕೊಟ್ಟು ಎಬ್ಬಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಹೇಗೋ ತಾವೇ ಐದು ಮಾಡಿದರು, 19 ಸೆಕೆಂಡು.

ದೋಣಿಮನೆ · ಜುಲೈ 16, ಬೆಳಿಗ್ಗೆ 9.02

ವಿದೇಶದಲ್ಲಿ ಕುಳಿತು ದುಡ್ಡು ಕಳುಹಿಸಿದರೆ ತಾಯಿಯ ಹೊಟ್ಟೆ ತುಂಬುತ್ತದೆಯೇ? ಮಕ್ಕಳು ಜೊತೆಗಿದ್ದರೆ ಈ ಪರೀಕ್ಷೆಗಳೇ ಬೇಕಿರಲಿಲ್ಲ.

ಬಿಜೈ ನಿವಾಸಿ · ಜುಲೈ 16, ಬೆಳಿಗ್ಗೆ 9.40

ಅಣ್ಣ, ನಾನು ಅಪ್ಪನ ಜೊತೆಯಲ್ಲೇ ಇದ್ದೇನೆ, ಒಂದೇ ಮನೆ, ಒಂದೇ ಅಡುಗೆ. ನಿನ್ನೆ ರಾತ್ರಿ ಇದನ್ನೆಲ್ಲ ಓದಿ ಅವರ ಮೀನಖಂಡ ನೋಡಿದೆ. ಅಪ್ಪ ಸದಾ ಪಂಚೆಯಲ್ಲಿ ಇರುತ್ತಾರೆ, ಕಾಲನ್ನು ಸರಿಯಾಗಿ ನೋಡಿ ವರ್ಷಗಳೇ ಆಗಿದ್ದವು. ಜೊತೆಯಲ್ಲಿ ಇದ್ದವನ ಕತೆ ಇದು. ಮೊದಲು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ನಿರ್ವಾಹಕ · ಜುಲೈ 16, ಬೆಳಿಗ್ಗೆ 10.00

ಯಾರು ಎಲ್ಲಿದ್ದಾರೆ ಎಂಬ ಚರ್ಚೆ ಇಲ್ಲಿಗೆ ಸಾಕು. ವಿಷಯಕ್ಕೆ ಬನ್ನಿ.

ಹಳೆ ಮಾಸ್ಟ್ರು · ಜುಲೈ 16, ಮಧ್ಯಾಹ್ನ 3.30

ನಿಮ್ಮ ಚರ್ಚೆಯನ್ನು ಮೂರು ದಿನದಿಂದ ಓದುತ್ತಿದ್ದೇನೆ. ನೀವು ಯಾರ ಬಗ್ಗೆ ಬರೆಯುತ್ತಿದ್ದೀರೋ ಆ ಪಂಗಡದವನು ನಾನು. ವಯಸ್ಸು 78, ಉಡುಪಿಯಲ್ಲಿ ಒಬ್ಬನೇ ವಾಸ. ಹಿರಿಯರು ಯಾಕೆ ತಿನ್ನುವುದಿಲ್ಲ ಎಂದು ಹಿರಿಯರನ್ನೇ ಯಾರೂ ಕೇಳಿಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ಒಬ್ಬನಿಗೆ ಅಡುಗೆ ಮಾಡುವುದೆಂದರೆ ಕುಕ್ಕರಿನ ತಳಕ್ಕೆ ಹತ್ತುವಷ್ಟು ಅಕ್ಕಿ. ಅಷ್ಟಕ್ಕೆ ಸಾಂಬಾರು ಮಾಡಿದರೆ ಮೂರು ದಿನ ಅದೇ ಸಾಂಬಾರು. ಎರಡನೆಯ ದಿನ ಬಟ್ಟಲು ತೆರೆಯುವಾಗಲೇ ಹಸಿವು ಹೋಗಿರುತ್ತದೆ. ನನಗೆ ಈಗ ಒಗ್ಗರಣೆಯ ವಾಸನೆ ಮೊದಲಿನಷ್ಟು ಗೊತ್ತಾಗುವುದಿಲ್ಲ. ಸಾಸಿವೆ ಸಿಡಿಯುವುದು ಕೇಳಿಸುತ್ತದೆ, ಪರಿಮಳ ಬರುವುದಿಲ್ಲ. ಕಟ್ಟಿಸಿದ ಹಲ್ಲು ಸಡಿಲ. ಕಾಳು ತಿಂದರೆ ಅದರ ಅಡಿಗೆ ಸಿಕ್ಕಿಕೊಂಡು ಚುಚ್ಚುತ್ತದೆ, ಹಾಗಾಗಿ ಕಾಳು ಬಿಟ್ಟೆ. ಚಪಾತಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತೇನೆ. ರಾತ್ರಿ ಎರಡು ಸಲ ಏಳಬೇಕಾಗುತ್ತದೆ ಎಂದು ಸಂಜೆಯ ಮೇಲೆ ಹಾಲೂ ಇಲ್ಲ, ನೀರೂ ಇಲ್ಲ. ಇನ್ನು ಮಾತ್ರೆಗಳು: ಬೆಳಗ್ಗೆ ಏಳು ಮಾತ್ರೆಯನ್ನು ನೀರಿನೊಂದಿಗೆ ನುಂಗಿದರೆ ಅದೇ ಅರ್ಧ ತಿಂಡಿ.

ಮಕ್ಕಳಿಗೆ ಇದನ್ನು ಹೇಳಿದರೆ ಡಬ್ಬಿಯ ಪುಡಿ ಕಳುಹಿಸುತ್ತಾರೆ. ಮೂರು ಡಬ್ಬಿ ಹಾಗೆಯೇ ಇವೆ, ಬೇಕಾದವರು ಬಂದು ಒಯ್ಯಬಹುದು.

ನಾನು ಹೊಟ್ಟೆ ತುಂಬ ಉಣ್ಣುವುದು ವಾರಕ್ಕೆರಡು ಸಲ, ಕೃಷ್ಣಮಠದಲ್ಲಿ. ಸಾರಿನ ರುಚಿಗಾಗಿ ಅಷ್ಟೇ ಅಲ್ಲ, ಪಂಕ್ತಿಯ ಸಲುವಾಗಿ. ಪಕ್ಕದವನು ಎರಡನೆಯ ಸಲ ಅನ್ನ ಹಾಕಿಸಿಕೊಂಡರೆ ನನಗೂ ಹಾಕಿಸಿಕೊಳ್ಳಬೇಕು ಎನಿಸುತ್ತದೆ. ಆದರೆ ಕಳೆದ ತಿಂಗಳು ಉಂಡು ಏಳುವಾಗ ಎಂಜಲು ಕೈಯನ್ನು ಮೇಲೆತ್ತಿ, ಇನ್ನೊಂದು ಕೈಯಿಂದ ಪಕ್ಕದ ಹುಡುಗನ ಭುಜ ಹಿಡಿಯಬೇಕಾಯಿತು. ಅವನು ಏನೂ ಅಂದುಕೊಳ್ಳಲಿಲ್ಲ. ನಾನು ಅಂದುಕೊಂಡೆ. ಅಂದಿನಿಂದ ಹೋಗಿಲ್ಲ.

ಮಣಿಪಾಲದ ಫಿಸಿಯೊ · ಜುಲೈ 16, ಸಂಜೆ 6.10

ಮಾಸ್ಟ್ರೇ, ಈ ಪುಟದಲ್ಲಿ ಇದುವರೆಗೆ ಬಂದ ಮಾತುಗಳಲ್ಲಿ ನಿಮ್ಮದೇ ಹೆಚ್ಚು ಉಪಯೋಗದ್ದು. ಪಂಕ್ತಿಗೆ ಮತ್ತೆ ಹೋಗುವ ಹಾಗೆ ಮಾಡೋಣ.

1990ರಲ್ಲಿ ಪ್ರಕಟವಾದ ಅಧ್ಯಯನ ಇದು: ಬೋಸ್ಟನ್‌ನ ಒಂದು ವೃದ್ಧಾಲಯದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ! ನಾಲ್ಕು ವರ್ಷ ಬಿಟ್ಟು ಅದೇ ತಂಡ ನೂರು ಮಂದಿಯ ಮೇಲೆ ಮಾಡಿದ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿತು. ಕೆಲವರಿಗೆ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪೇಯ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲ. ವ್ಯಾಯಾಮವಿಲ್ಲದೆ ಬರೀ ಪೇಯ ಕುಡಿದವರಿಗೆ ಬಲ ಬರಲಿಲ್ಲ. ನಿಮ್ಮ ಮೂರು ಡಬ್ಬಿ ಅಲ್ಲೇ ಇರಲಿ.

ನಡಿಗೆ ಒಳ್ಳೆಯದು, ಹೃದಯಕ್ಕೂ ಸಕ್ಕರೆಗೂ. ಆದರೆ ಕುರ್ಚಿಯಿಂದ ಏಳುವ ಬಲ ನಡಿಗೆಯಿಂದ ಅಷ್ಟಾಗಿ ಬರುವುದಿಲ್ಲ. ಅದಕ್ಕೆ ಏಳುವುದನ್ನೇ ಅಭ್ಯಾಸ ಮಾಡಬೇಕು. ಊಟದ ಮೇಜಿನ ಕುರ್ಚಿ ಗೋಡೆಗೆ ಒತ್ತಿರಲಿ. ತೀರಾ ತಗ್ಗಾದರೆ ಕೂರುವ ಜಾಗದ ಮೇಲೆ ಎರಡು ದಪ್ಪ ದಿಂಬು ಹಾಕಿ ಎತ್ತರ ಮಾಡಿ. ಎಂಟು ಸಲ ಏಳುವುದು, ಒಂದು ನಿಮಿಷ ವಿಶ್ರಾಂತಿ, ಮತ್ತೆ ಎಂಟು. ಕೂರುವಾಗ ದೊಪ್ಪನೆ ಬೀಳದೆ, ಮೂರು ಎಣಿಸುತ್ತ ನಿಧಾನ ಇಳಿಯಬೇಕು. ಆ ಇಳಿಯುವುದರಲ್ಲೂ ಫಲ ಇದೆ. ಸುಲಭವಾದ ಮೇಲೆ ಒಂದು ದಿಂಬು ತೆಗೆಯಿರಿ. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದು ಇನ್ನೊಂದು. ಕೈಗೆ ಒಂದು ಲೀಟರಿನ ನೀರಿನ ಬಾಟಲಿ ಸಾಕು. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಎದೆನೋವು, ತಲೆಸುತ್ತು, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ವೈದ್ಯರನ್ನು ಕೇಳದೆ ಶುರುಮಾಡಬಾರದು.

ಮಳೆಗಾಲದಲ್ಲಿ ಇನ್ನೊಂದು ಮಾತು. ಡೆಂಗಿ, ಇಲಿಜ್ವರ ಎಂದು ಹಿರಿಯರು ಆಸ್ಪತ್ರೆ ಸೇರುತ್ತಾರೆ. ಜ್ವರ ವಾಸಿಯಾಗಿ ಮನೆಗೆ ಬಂದವರು ಶೌಚಾಲಯಕ್ಕೂ ನಡೆಯಲಾರರು. ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ಅಳೆದಾಗ ಕಾಲುಗಳಿಂದ ಸುಮಾರು ಒಂದು ಕಿಲೊ ಮಾಂಸಖಂಡ ಹೋಗಿತ್ತು. 2007ರ ಅಧ್ಯಯನ. ಇನ್ನು ಜ್ವರವೂ ಇದ್ದು ಊಟವೂ ಇಲ್ಲದಿದ್ದರೆ ಹೇಗಾದೀತು ನೋಡಿ. ವೈದ್ಯರು ಒಪ್ಪಿದರೆ ಮಂಚದಿಂದ ಇಳಿಸಿ ಕುರ್ಚಿಯಲ್ಲಿ ಕೂರಿಸಿ ಊಟ ಕೊಡಿ. "ಪಾಪ, ಮಲಗಿರಲಿ" ಎನ್ನಬೇಡಿ.

ಮಲ್ಪೆ ಬಂದರು · ಜುಲೈ 16, ರಾತ್ರಿ 8.20

ಕಟಪಾಡಿ ಅಕ್ಕ, ಅಮ್ಮ ಮೀನು ತಿನ್ನುವುದಿಲ್ಲವೇ?

ಕಟಪಾಡಿಯವಳು · ಜುಲೈ 16, ರಾತ್ರಿ 8.45

ಮೀನಿಲ್ಲದೆ ಅನ್ನ ಇಳಿಯದ ಮನೆ ನಮ್ಮದು. ಅಪ್ಪ ಹೋದ ಮೇಲೆ ಬಿಟ್ಟರು. ಕೇಳಿದರೆ "ಒಬ್ಬಳಿಗೆ ಎರಡು ಬಂಗುಡೆ ಕೊಡು ಎಂದು ಕೇಳಲು ನಾಚಿಕೆ" ಎಂದರು. ಗಾಡಿಯಲ್ಲಿ ಬರುವ ಮೀನಿನವನು ಹಾರ್ನ್ ಹಾಕಿದಾಗ ಒಳಗೆ ಹೋಗಿ ಕೂರುತ್ತಾರಂತೆ. ನನಗೆ ಇದು ಮೂರು ವರ್ಷ ಗೊತ್ತೇ ಇರಲಿಲ್ಲ.

ಮಲ್ಪೆ ಬಂದರು · ಜುಲೈ 16, ರಾತ್ರಿ 9.15

ಈಗ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನು ತುಟ್ಟಿ. ನಾಡದೋಣಿಯವರು ಕಡಲು ಶಾಂತವಿದ್ದ ದಿನ ಹೋಗುತ್ತಾರೆ, ಸ್ವಲ್ಪ ಸಿಗುತ್ತದೆ. ಆಗಸ್ಟ್ ಆಗಲಿ, ಬಂಗುಡೆ, ಬೂತಾಯಿ ಅಗ್ಗವಾಗುತ್ತದೆ. ಒಂದು ಕಿಲೊ ತೆಗೆದು, ಅಲ್ಲೇ ಶುಚಿ ಮಾಡಿಸಿ, ಎರಡೆರಡು ಮೀನಿನಂತೆ ಸಣ್ಣ ಡಬ್ಬಿಗಳಲ್ಲಿ ಹಾಕಿ ಫ್ರೀಜರಿನಲ್ಲಿ ಇಡಿ. ಆಗ ಯಾರ ಬಳಿಯೂ ಎರಡು ಮೀನು ಕೇಳಬೇಕಿಲ್ಲ. ಒಣಮೀನು ಬೇಡ, ಬಿಪಿ ಇದ್ದವರಿಗೆ ಅದರ ಉಪ್ಪು ಆಗುವುದಿಲ್ಲ.

ಪಥ್ಯದಡುಗೆ · ಜುಲೈ 16, ರಾತ್ರಿ 9.50

ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 19 ಗ್ರಾಂ ಪ್ರೋಟೀನ್ ಇದೆ. ಅಂದರೆ ಅಮ್ಮ ಈಗ ದಿನವಿಡೀ ತಿನ್ನುತ್ತಿರುವಷ್ಟು ಒಂದು ಹೊತ್ತಿನ ಮೀನಿನ ಪುಳಿಮುಂಚಿ ಸಾರಿನಲ್ಲಿ ಬರುತ್ತದೆ.

ಮೀನಿಲ್ಲದ ದಿನಕ್ಕೆ ಹೇಳುತ್ತೇನೆ. ಗಂಜಿ ಬಿಡಿಸಬೇಡಿ, ಬಿಡಿಸಿದರೆ ಜಗಳವಾಗುತ್ತದೆ. ಗಂಜಿಗೆ ಬೀಳುವ ಅಕ್ಕಿಯ ಜೊತೆ ಒಂದು ಹಿಡಿ ಹೆಸರುಕಾಳು ಹಾಕಿ ಬೇಯಿಸಿ. 40 ಗ್ರಾಂ ಕಾಳಿನಿಂದ ಒಂಬತ್ತು ಗ್ರಾಂ ಸೇರಿತು. ರಾತ್ರಿ ನೆನೆಸಿದರೆ ಮೆತ್ತಗಾಗುತ್ತದೆ, ಮಾಸ್ಟ್ರ ಹಲ್ಲಿನ ಅಡಿಗೂ ಸಿಕ್ಕಿಕೊಳ್ಳುವುದಿಲ್ಲ. ನೀರು ಮಜ್ಜಿಗೆಯ ಬದಲು ಗಟ್ಟಿ ಮೊಸರು ಒಂದು ಬಟ್ಟಲು. ಸಂಜೆ ರಸ್ಕ್‌ನ ಜಾಗಕ್ಕೆ ಒಂದು ಬೇಯಿಸಿದ ಮೊಟ್ಟೆ, ಆರು ಗ್ರಾಂ. ಮೊಟ್ಟೆ ಬೇಡವೆಂದರೆ ನೆಲಗಡಲೆ ಚಟ್ನಿ. ಮೂರು ಹೊತ್ತಿಗೂ ಹಂಚಿ ಕೊಡಿ, ಎಲ್ಲವನ್ನೂ ರಾತ್ರಿಗೆ ಸುರಿಯಬೇಡಿ. ಊಟಕ್ಕೆ ಮೊದಲು ದೊಡ್ಡ ಲೋಟ ನೀರು ಅಥವಾ ಚಹಾ ಕೊಟ್ಟರೆ ಹೊಟ್ಟೆ ಅಲ್ಲೇ ತುಂಬುತ್ತದೆ. ಮೊದಲು ಕಾಳು, ಮೀನು, ಆಮೇಲೆ ಗಂಜಿ.

ಡಬ್ಬಿಯ ಪುಡಿಗಳ ಬಗ್ಗೆ ಹಲವರು ಖಾಸಗಿಯಾಗಿ ಕೇಳಿದ್ದೀರಿ. ಹಿಂಬದಿಯ ಸಣ್ಣ ಅಕ್ಷರ ಓದಿ. ನೂರು ಗ್ರಾಮಿನಲ್ಲಿ ಪ್ರೋಟೀನಿಗಿಂತ ಸಕ್ಕರೆ ಹೆಚ್ಚಿದ್ದರೆ ಅದು ಮಿಠಾಯಿ. ನುಂಗಲು ಕಷ್ಟವಿರುವವರಿಗೆ, ಶಸ್ತ್ರಚಿಕಿತ್ಸೆ ಆದವರಿಗೆ ಒಳ್ಳೆಯ ಪುಡಿಗಳು ನಿಜಕ್ಕೂ ಬೇಕಾಗುತ್ತವೆ. ಎಲ್ಲರಿಗೂ ಬೇಕಿಲ್ಲ.

ಕಟಪಾಡಿಯವರೇ, ಅಮ್ಮನನ್ನು ವೈದ್ಯರ ಬಳಿ ಕರೆದುಕೊಂಡು ಹೋಗಲೇಬೇಕು. ಇಳಿದ ತೂಕಕ್ಕೆ ಊಟವೊಂದೇ ಕಾರಣ ಎಂದು ನಾವು ಇಲ್ಲಿ ಕುಳಿತು ತೀರ್ಮಾನಿಸಬಾರದು. ಥೈರಾಯ್ಡ್, ಕ್ಷಯ, ಹೊಟ್ಟೆಯ ತೊಂದರೆ, ಖಿನ್ನತೆ ಎಲ್ಲವನ್ನೂ ನೋಡಬೇಕು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಕೆಲವರ ಹಸಿವು ಕೆಡಿಸುತ್ತದೆ, ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ವಿಟಮಿನ್ ಇಳಿಸಬಹುದು. 74ರ ದುರ್ಬಲ ಹೆಂಗಸಿಗೆ ಹೆಚ್‌ಬಿಎ1ಸಿ 6.4ಕ್ಕೆ ಇಳಿದಿರಬೇಕೇ ಎಂದೂ ಕೇಳಿ. ದುರ್ಬಲರಾದ ಹಿರಿಯರಿಗೆ 8ರವರೆಗೂ ಒಪ್ಪುವ ಮಾರ್ಗಸೂಚಿಗಳಿವೆ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಸುರತ್ಕಲ್‌ನಿಂದ · ಜುಲೈ 17, ಬೆಳಿಗ್ಗೆ 7.30

ನನ್ನ ತಂದೆಗೆ ಮೂತ್ರಪಿಂಡದ ತೊಂದರೆ, ರಕ್ತದಲ್ಲಿ ಕ್ರಿಯಾಟಿನಿನ್ 2.8. ಅವರಿಗೂ ಇದೇ ಲೆಕ್ಕವೇ?

ಪಥ್ಯದಡುಗೆ · ಜುಲೈ 17, ಬೆಳಿಗ್ಗೆ 8.00

ಇಲ್ಲ! ಮೂತ್ರಪಿಂಡ ತೀವ್ರವಾಗಿ ಕುಗ್ಗಿದ್ದು ಡಯಾಲಿಸಿಸ್ ಇಲ್ಲದವರಿಗೆ ಪ್ರೋಟೀನಿನ ಮಿತಿ ಬೇರೆ. ಡಯಾಲಿಸಿಸ್ ಶುರುವಾದ ಮೇಲೆ ಅದೇ ಲೆಕ್ಕ ತಿರುಗಿ ಹೆಚ್ಚು ಬೇಕಾಗುತ್ತದೆ. ಮೂತ್ರಪಿಂಡದ ವೈದ್ಯರನ್ನು ಕೇಳದೆ ಒಂದು ಮೊಟ್ಟೆಯನ್ನೂ ಏರಿಸಬೇಡಿ.

ರಥಬೀದಿ · ಜುಲೈ 17, ಸಂಜೆ 5.40

ನಮ್ಮ ಮನೆಯ ಸಮಸ್ಯೆ ಬೇರೆ. ತಾಯಿಗೆ 81. ಚಾತುರ್ಮಾಸ್ಯ ವ್ರತ ಈ ವಾರ ಶುರು. ಮೀನು ಮೊಟ್ಟೆಯ ಮಾತೇ ಇಲ್ಲ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳ, ಕಾಳು ಬೇಳೆ ಇಲ್ಲ. ಜೊತೆಗೆ ಏಕಾದಶಿಗೆ ನೀರೂ ಮುಟ್ಟುವುದಿಲ್ಲ. ಪ್ರತಿ ವರ್ಷ ಕಾರ್ತಿಕದ ಹೊತ್ತಿಗೆ ಸೀರೆಯೊಳಗೆ ಮನುಷ್ಯ ಇದ್ದಾರೋ ಇಲ್ಲವೋ ಎನ್ನುವಂತಾಗುತ್ತಾರೆ. ಬಿಡಿ ಎಂದರೆ ಕೇಳುವವರಲ್ಲ, ಬಿಡಿಸುವ ಮನಸ್ಸು ನನಗೂ ಇಲ್ಲ.

ಪಥ್ಯದಡುಗೆ · ಜುಲೈ 17, ರಾತ್ರಿ 9.20

ಬಿಡಿಸುವುದು ಬೇಡ. ನೀವು ಬರೆದ ಪಟ್ಟಿಯನ್ನೇ ಇನ್ನೊಮ್ಮೆ ಓದಿ. ಯಾವ ತಿಂಗಳಲ್ಲೂ ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ. ಮೊದಲ ತಿಂಗಳಲ್ಲಿ ಹಾಲು, ಮೊಸರು, ಹೆಸರುಬೇಳೆ ಮೂರೂ ಇವೆ. ಎರಡನೆಯದರಲ್ಲಿ ಮೊಸರು ಹೋದರೂ ಹಾಲಿದೆ, ಮೂರನೆಯದರಲ್ಲಿ ಹಾಲು ಹೋದರೂ ಮೊಸರಿದೆ. ತೊಂದರೆ ಏನೆಂದರೆ ಹೋದದ್ದನ್ನು ಬಿಡುತ್ತೇವೆ, ಇದ್ದದ್ದನ್ನು ಹೆಚ್ಚಿಸುವುದಿಲ್ಲ. ದ್ವಿದಳದ ತಿಂಗಳೇ ಹೆಚ್ಚು ಕಠಿಣ. ಆಗ ದಿನಕ್ಕೆ ಅರ್ಧ ಲೀಟರ್ ಹಾಲು ಹೊಟ್ಟೆಗೆ ಹೋಗಬೇಕು, ಅದರಿಂದ 16 ಗ್ರಾಂ. ಪಾಯಸ ಮಾಡಿ, ಹಾಲಿನಲ್ಲೇ ಗೋಧಿ ರವೆ ಬೇಯಿಸಿ, ಮೇಲೆ ಎರಡು ಬಟ್ಟಲು ಮೊಸರು. ಏಕಾದಶಿಯ ಮರುದಿನದ ಪಾರಣೆಯನ್ನು ಬೆಳಗ್ಗೆಯೇ ಗಟ್ಟಿಯಾಗಿ ಮಾಡಿಸಿ. ಸಕ್ಕರೆ ಅಥವಾ ಬಿಪಿ ಮಾತ್ರೆ ಇದ್ದರೆ ಉಪವಾಸದ ದಿನ ಏನು ಮಾಡಬೇಕೆಂದು ವೈದ್ಯರಿಂದ ಬರೆಸಿಟ್ಟುಕೊಳ್ಳಿ.

ರಥಬೀದಿ · ಜುಲೈ 17, ರಾತ್ರಿ 9.55

ತಾಯಿಗೆ ಓದಿ ಹೇಳಿದೆ. "ಆ ಹುಡುಗಿಗೆ ವ್ರತ ಗೊತ್ತಿದೆ" ಎಂದರು. ಇದು ಅವರು ಕೊಡುವ ದೊಡ್ಡ ಪ್ರಶಸ್ತಿ.

ಹಳೆ ಮಾಸ್ಟ್ರು · ಆಗಸ್ಟ್ 30, ಬೆಳಿಗ್ಗೆ 11.10

ಫಿಸಿಯೊ ಅವರಿಗೆ ವರದಿ. ಆರು ವಾರವಾಯಿತು. ಎರಡು ದಿಂಬಿನಿಂದ ಶುರುಮಾಡಿದ್ದೆ, ಈಗ ದಿಂಬಿಲ್ಲ. ಹಲ್ಲಿನ ವೈದ್ಯರು ಕಟ್ಟಿಸಿದ ಹಲ್ಲಿಗೆ ಹೊಸ ಒಳಪದರ ಹಾಕಿಕೊಟ್ಟರು. ನೆಲಗಡಲೆ ಇನ್ನೂ ಸಾಧ್ಯವಿಲ್ಲ, ಹೆಸರುಕಾಳು ಸಾಧ್ಯ. ಮೊನ್ನೆ ಪಂಕ್ತಿಗೆ ಹೋಗಿದ್ದೆ. ಏಳುವಾಗ ಭುಜ ಹಿಡಿಯಲಿಲ್ಲ, ನೆಲಕ್ಕೆ ಕೈಯೂರಿದೆ. ಇದು ಪಾಸೋ ನಪಾಸೋ ನೀವೇ ಹೇಳಬೇಕು.

ಮಣಿಪಾಲದ ಫಿಸಿಯೊ · ಆಗಸ್ಟ್ 30, ಮಧ್ಯಾಹ್ನ 1.00

ಪಾಸು, ಮಾಸ್ಟ್ರೇ. ದ್ವಿತೀಯ ದರ್ಜೆ.

ಕಟಪಾಡಿಯವಳು · ಅಕ್ಟೋಬರ್ 19, ರಾತ್ರಿ 11.40

ಮಸ್ಕತ್‌ಗೆ ಮರಳಿ ಎರಡು ತಿಂಗಳಾಯಿತು. ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರಿಸುತ್ತೇನೆ.

ವೈದ್ಯರು ಎಲ್ಲ ಪರೀಕ್ಷೆ ಮಾಡಿಸಿದರು. ಬಿ12 ತೀರಾ ಕಡಿಮೆ ಇತ್ತು, ಚುಚ್ಚುಮದ್ದು ಕೊಟ್ಟರು. ಸಕ್ಕರೆಯ ಒಂದು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಈ ಸಲದ ಹೆಚ್‌ಬಿಎ1ಸಿ 7.1. ಹಳೆಯ ಚಾಳಿ, ಸಂಖ್ಯೆ ನೋಡಿ ನನಗೇ ಎದೆ ಧಸಕ್ಕೆಂದಿತು. ವೈದ್ಯರು "ಇದೇ ಇರಲಿ" ಎಂದರು. ತೂಕ 49.9. ಐದು ಸಲ ಏಳಲು 13.5 ಸೆಕೆಂಡು, ಇನ್ನೂ ಗಡಿಯ ಆಚೆಗೇ ಇದ್ದಾರೆ. ಮೊಟ್ಟೆ ಬೇಡವೇ ಬೇಡ ಎಂದು ಹಟ. ಮಧ್ಯಾಹ್ನದ ಊಟಕ್ಕೆ ಪಕ್ಕದ ಮನೆಯ ಸೊಸೆಯೂ ತನ್ನ ತಟ್ಟೆ ತೆಗೆದುಕೊಂಡು ನಮ್ಮಲ್ಲಿಗೆ ಬರುತ್ತಾಳೆ, ಅವಳಿಗೂ ಮನೆಯಲ್ಲಿ ಒಬ್ಬಳೇ ಉಣ್ಣುವ ಬೇಸರ. ಪುಡಿ, ಮಾತ್ರೆ ಎಲ್ಲದಕ್ಕಿಂತ ಅದೇ ಹೆಚ್ಚು ಕೆಲಸ ಮಾಡಿದೆ ಎಂದು ನನಗೆ ಅನಿಸುತ್ತದೆ. ತುರಿಮಣೆ ನವರಾತ್ರಿಗೆ ಅಟ್ಟದಿಂದ ಇಳಿಯಿತು.

ವಿಡಿಯೊ ಕರೆಯ ಕ್ರಮವನ್ನೂ ಬದಲಿಸಿದ್ದೇನೆ. ಮೊಬೈಲನ್ನು ಎದುರಿನ ಕಟ್ಟೆಯ ಮೇಲೆ ಒರಗಿಸಿಟ್ಟು, ಕುರ್ಚಿ ಪೂರ್ತಿ ಕಾಣುವಂತೆ ಅಮ್ಮ ದೂರ ಕೂರುತ್ತಾರೆ. ಎಂಟು ಸಲ ಏಳುತ್ತಾರೆ, ನಾನು ಎಣಿಸುತ್ತೇನೆ, ಅವರು ಬೈಯುತ್ತಾರೆ. ಇವತ್ತು ಆರನೆಯದಕ್ಕೆ ರಸ್ತೆಯಲ್ಲಿ ಹಾರ್ನ್ ಕೇಳಿಸಿತು. "ಸಾಕು, ಇಡು ಫೋನು" ಎಂದವರೇ ಚಿಲ್ಲರೆಯ ಡಬ್ಬಿ ಹಿಡಿದು ಗೇಟಿನ ಕಡೆ ಹೋದರು. ಫೋನು ಇಡಲಿಲ್ಲ, ಹತ್ತು ನಿಮಿಷ ಖಾಲಿ ಕುರ್ಚಿ ನೋಡುತ್ತ ಕುಳಿತೆ.

ಮಲ್ಪೆ ಬಂದರು · ಅಕ್ಟೋಬರ್ 20, ಬೆಳಿಗ್ಗೆ 6.15

ಏನು ತಂದರು?

ಕಟಪಾಡಿಯವಳು · ಅಕ್ಟೋಬರ್ 20, ಬೆಳಿಗ್ಗೆ 7.00

ಬಂಗುಡೆ. ಎರಡೇ.